ಮೂವತ್ತೆರಡು ಹಲ್ಲುಗಳ ಎರಡು ಪಾಠಗಳು

ಸುಳ್ಯದ ಕುರುಂಜಿಭಾಗ್‌ನಲ್ಲಿ ಕೆ.ವಿ.ಜಿ. ದಂತ ವೈದ್ಯಕೀಯ ಕಾಲೇಜು 1990ರ ದಶಕದ ಆರಂಭದಿಂದ ನಡೆದುಬರುತ್ತಿದೆ. ಕುರುಂಜಿ ವೆಂಕಟರಮಣ ಗೌಡರು ಕಟ್ಟಿದ ವಿದ್ಯಾಸಂಸ್ಥೆಗಳಲ್ಲಿ ಇದೂ ಒಂದು. ಪುತ್ತೂರು, ಸುಳ್ಯ ಮತ್ತು ಈಗ ಪ್ರತ್ಯೇಕ ತಾಲೂಕಾಗಿರುವ ಕಡಬದ ಮಕ್ಕಳಿಗೆ ದಂತ ವೈದ್ಯ ಶಿಕ್ಷಣವು ಮನೆಯ ಬಾಗಿಲಿಗೇ ಬಂದದ್ದು ಹೀಗೆ. ಬಿ.ಡಿ.ಎಸ್. ಸೇರಿದ ವಿದ್ಯಾರ್ಥಿಗೆ ಮೊದಲ ವರ್ಷದಲ್ಲಿ ರೋಗಿಯ ಬಾಯಿ ತೆರೆದು ನೋಡುವ ಅವಕಾಶವಿರುವುದಿಲ್ಲ. ಆತನ ಕೈಗೆ ಬರುವುದು ಮೇಣದ ಒಂದು ತುಂಡು ಮತ್ತು ಕೆತ್ತುವ ಒಂದು ಚೂರಿ. ಮೇಲ್ದವಡೆಯ ನಡುವಿನ ಬಾಚಿಹಲ್ಲನ್ನೋ ಕೋರೆಹಲ್ಲನ್ನೋ ಆ ಮೇಣದಲ್ಲಿ ಕೆತ್ತಿ ತೋರಿಸಬೇಕು. ಯಾವ ಬದಿ ತುಟಿಯ ಕಡೆಗೆ, ಯಾವ ಬದಿ ನಾಲಗೆಯ ಕಡೆಗೆ, ಬೇರು ಎತ್ತ ಬಾಗಿದೆ, ಇದು ಬಲಗಡೆಯ ಹಲ್ಲೋ ಎಡಗಡೆಯದೋ ಎಂಬುದೆಲ್ಲ ಆ ಕೆತ್ತನೆಯಲ್ಲಿ ಕಾಣಬೇಕು.

ಇದು ನಮ್ಮ ಮಕ್ಕಳಿಗೆ ಸಂಪೂರ್ಣ ಹೊಸ ವಿಷಯವೆಂದು ಹೆತ್ತವರು ಭಾವಿಸುವುದುಂಟು. ಆದರೆ ಮದ್ರಸದ ಮೇಲಿನ ತರಗತಿಗಳಲ್ಲಿ ತಜ್‌ವೀದ್ ಕಲಿತ ವಿದ್ಯಾರ್ಥಿಯು ಹಲ್ಲುಗಳ ಹೆಸರುಗಳನ್ನು ಆಗಲೇ ಕೇಳಿರುತ್ತಾನೆ. ಅಕ್ಷರಗಳ ಮಖ್ರಜ್ ಅಂದರೆ ಉಚ್ಚಾರ ಸ್ಥಾನವನ್ನು ವಿವರಿಸಲು ಹಲ್ಲುಗಳನ್ನು ಗುರುತಿಸದೆ ಬೇರೆ ದಾರಿಯಿಲ್ಲ. ತಜ್‌ವೀದ್ ವಿದ್ವಾಂಸರ ಎಣಿಕೆ ಹೀಗಿದೆ: ಮುಂದಿನ ನಾಲ್ಕು ಸನಾಯಾ, ಅವುಗಳ ಪಕ್ಕದ ನಾಲ್ಕು ರಬಾಇಯಾತ್, ನಂತರ ನಾಲ್ಕು ಅನ್‌ಯಾಬ್ ಎಂದರೆ ಕೋರೆಹಲ್ಲುಗಳು, ನಾಲ್ಕು ದವಾಹಿಕ್, ಹನ್ನೆರಡು ತವಾಹಿನ್, ಕೊನೆಯಲ್ಲಿ ನಾಲ್ಕು ನವಾಜಿದ್. ಒಟ್ಟು ಮೂವತ್ತೆರಡು. ನಗುವಾಗ ಕಾಣುವುದರಿಂದ ದವಾಹಿಕ್, ಬೀಸುಕಲ್ಲಿನಂತೆ ಅರೆಯುವುದರಿಂದ ತವಾಹಿನ್.

ಕ್ರಿ.ಶ. 8ನೇ ಶತಮಾನದಲ್ಲಿ ಬಸರಾದಲ್ಲಿ ಅರಬಿ ವ್ಯಾಕರಣವನ್ನು ಬರೆದ ಸೀಬವೈಹಿ, ಲಾಮ್ ಅಕ್ಷರದ ಸ್ಥಾನವನ್ನು ಹೇಳುವಾಗ ದಾಹಿಕ್, ನಾಬ್, ರಬಾಇಯ್ಯ, ಸನಿಯ್ಯ ಎಂದು ನಾಲ್ಕು ಹಲ್ಲುಗಳನ್ನು ಹಿಂದಿನಿಂದ ಮುಂದಕ್ಕೆ ಸಾಲಾಗಿ ಹೆಸರಿಸುತ್ತಾರೆ. ಆರು ಶತಮಾನಗಳ ನಂತರ ಜನಿಸಿದ ಇಬ್ನುಲ್ ಜಝರಿ (1350–1429) ಇದೇ ಹಲ್ಲುಗಳ ಆಧಾರದ ಮೇಲೆ ತಮ್ಮ ತಜ್‌ವೀದ್ ಪಾಠವನ್ನು ಕಟ್ಟಿದರು. ನಾಲಗೆಯ ಪಾರ್ಶ್ವವು ಮೇಲಿನ ದವಡೆ ಹಲ್ಲುಗಳಿಗೆ ತಾಗಿದಾಗ ಹೊರಡುವ ಆ ಒಂದು ಅಕ್ಷರವನ್ನೇ ನೋಡಿ. ಕನ್ನಡದಲ್ಲಿ ಅದಕ್ಕೆ ಸಮನಾದ ಅಕ್ಷರವಿಲ್ಲ. ಉಪವಾಸದ ತಿಂಗಳನ್ನು ನಮ್ಮಲ್ಲಿ ಒಬ್ಬರು ರಮಳಾನ್, ಒಬ್ಬರು ರಮದಾನ್, ಇನ್ನೊಬ್ಬರು ರಂಝಾನ್ ಎಂದು ಬರೆಯುತ್ತಿರುವ ಜಗಳದ ಮೂಲ ದವಡೆ ಹಲ್ಲಿನಲ್ಲಿದೆ!

ಕಾಲೇಜಿನ ಪಾಠ ಇದನ್ನು ಸ್ವಲ್ಪ ಬೇರೆಯಾಗಿ ವಿಂಗಡಿಸುತ್ತದೆ. ಎಂಟು ಬಾಚಿಹಲ್ಲು, ನಾಲ್ಕು ಕೋರೆಹಲ್ಲು, ಎಂಟು ಮುಂದವಡೆ ಹಲ್ಲು, ಹನ್ನೆರಡು ದವಡೆ ಹಲ್ಲು. ಎರಡೂ ಎಣಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ವ್ಯತ್ಯಾಸವಿರುವುದು ಒಂದೇ ಕಡೆ. ಮುಂದವಡೆಯ ಎರಡನೆಯ ಹಲ್ಲನ್ನು ಅರಬಿ ವಿದ್ವಾಂಸರು ಅರೆಯುವ ಹಲ್ಲುಗಳ ಗುಂಪಿಗೆ ಸೇರಿಸಿದರು. ಆಧುನಿಕ ವಿಜ್ಞಾನವು ಅದನ್ನು ಅದರ ಮುಂದಿನ ಹಲ್ಲಿನ ಜೊತೆಗೆ ಇಟ್ಟಿತು. ಅದರ ಅಗಲವಾದ ಮೇಲ್ಮೈಯನ್ನು ನೋಡಿದವರಿಗೆ ಹಳೆಯ ವಿಂಗಡಣೆಯೂ ಅಕಾರಣವಲ್ಲವೆಂದು ತಿಳಿಯುತ್ತದೆ.

ಉಹುದ್ ಯುದ್ಧದಲ್ಲಿ ಪ್ರವಾದಿ(ಸ)ರವರ ಹಲ್ಲು ಮುರಿದ ಘಟನೆಯನ್ನು ಕೇಳದ ಮುಸ್ಲಿಂ ಮಗುವಿಲ್ಲ. ಪ್ರಸಂಗಗಳಲ್ಲಿ ಅದು ಬರೇ ಮುಂಬಲ್ಲು ಎಂದಾಗಿರುತ್ತದೆ. ಆದರೆ ಹದೀಸ್‌ನಲ್ಲಿರುವ ಪದ ರಬಾಇಯ್ಯ, ಅಂದರೆ ನಡುವಿನ ಬಾಚಿಹಲ್ಲಲ್ಲ, ಅದರ ಪಕ್ಕದ್ದು. ವರದಿ ಮಾಡಿದವರ ಮಾತಿನ ನಿಖರತೆ ಇಷ್ಟಿತ್ತು.

ಈ ನಿಖರತೆ ಅಗತ್ಯವಾಗಿದ್ದ ಇನ್ನೊಂದು ಸ್ಥಳ ನ್ಯಾಯಪೀಠ. ಒಬ್ಬನ ಹಲ್ಲನ್ನು ಇನ್ನೊಬ್ಬನು ಮುರಿದರೆ ಪರಿಹಾರವೆಷ್ಟು? ಇಮಾಮ್ ಮಾಲಿಕ್‌ರವರ ಮುವತ್ತಾದಲ್ಲಿ ಈ ಕುರಿತು ಒಂದು ವರದಿಯಿದೆ. ದವಡೆ ಹಲ್ಲಿಗೆ ಒಂದು ಒಂಟೆಯೆಂದು ಖಲೀಫ ಉಮರ್(ರ) ತೀರ್ಪಿತ್ತಿದ್ದರು. ಮುಆವಿಯಾ(ರ) ಐದು ಒಂಟೆಯೆಂದರು. ಮದೀನಾದ ಹಿರಿಯ ವಿದ್ವಾಂಸ ಸಈದ್ ಇಬ್ನುಲ್ ಮುಸಯ್ಯಬ್, ಮೊದಲ ತೀರ್ಪಿನಲ್ಲಿ ಮೊತ್ತ ಕಡಿಮೆಯಾಯಿತು, ಎರಡನೆಯದರಲ್ಲಿ ಹೆಚ್ಚಾಯಿತು, ನಾನಾಗಿದ್ದರೆ ಎರಡೆರಡು ಒಂಟೆ ಎನ್ನುತ್ತಿದ್ದೆ ಎಂದರು. ಇದು ಏಕೆಂದು ಲೆಕ್ಕ ಹಾಕಿ ನೋಡಿದರೆ ಆಶ್ಚರ್ಯವಾಗುತ್ತದೆ. ಮುಂದಿನ ಹಲ್ಲುಗಳು ಹನ್ನೆರಡು, ತಲಾ ಐದರಂತೆ 60 ಒಂಟೆ. ಉಳಿದವು ಇಪ್ಪತ್ತು. ತಲಾ ಒಂದಾದರೆ ಒಟ್ಟು 80, ತಲಾ ಐದಾದರೆ 160, ತಲಾ ಎರಡಾದರೆ ಸರಿಯಾಗಿ 100. ನೂರು ಒಂಟೆಯೆಂದರೆ ಒಂದು ಪ್ರಾಣದ ಪೂರ್ಣ ಪರಿಹಾರ. ಬಾಯಿಯಲ್ಲಿ ಮುಂದೆ ಹನ್ನೆರಡು, ಹಿಂದೆ ಇಪ್ಪತ್ತು ಎಂಬ ಅಂಗರಚನೆಯ ಅರಿವಿಲ್ಲದೆ ಈ ಮಾತನ್ನು ಆಡುವುದು ಸಾಧ್ಯವಿರಲಿಲ್ಲ. ಕೊನೆಗೆ ಹೆಚ್ಚಿನ ವಿದ್ವಾಂಸರು ಒಪ್ಪಿದ್ದು ಎಲ್ಲ ಹಲ್ಲುಗಳೂ ಸಮಾನವೆಂಬ ಇಬ್ನ್ ಅಬ್ಬಾಸ್(ರ)ರವರ ನಿಲುವನ್ನು.

ವೈದ್ಯರ ಸರದಿ ಅನಂತರದ್ದು. ಇಬ್ನ್ ಸೀನಾ (ನಿಧನ 1037) ತಮ್ಮ ಅಲ್‌ಖಾನೂನ್ ಗ್ರಂಥದಲ್ಲಿ ಹಲ್ಲುಗಳು 32 ಎಂದೂ, ನವಾಜಿದ್ ಮೂಡದವರಲ್ಲಿ 28 ಎಂದೂ ಬರೆದರು. ಮೇಲಿನ ದವಡೆ ಹಲ್ಲುಗಳಿಗೆ ಕೆಳಗಿನವುಗಳಿಗಿಂತ ಹೆಚ್ಚು ಬೇರುಗಳಿರುವುದೇಕೆ ಎಂಬುದಕ್ಕೆ, ಅವು ತೂಗುತ್ತಿರುವುದರಿಂದ ಹೆಚ್ಚಿನ ಹಿಡಿತ ಬೇಕು ಎಂಬ ಕಾರಣವನ್ನು ಕೊಟ್ಟರು. ಮೇಲಿನ ಮೊದಲ ದವಡೆ ಹಲ್ಲಿಗೆ ಮೂರು ಬೇರು, ಕೆಳಗಿನದಕ್ಕೆ ಎರಡು ಎಂದು ಇಂದಿನ ವಿದ್ಯಾರ್ಥಿಯೂ ಕಲಿಯುತ್ತಾನೆ. ಆದರೆ ಎಲ್ಲವನ್ನೂ ನಮ್ಮವರೇ ಕಂಡುಹಿಡಿದರೆಂದು ಹೇಳಿಕೊಳ್ಳುವುದು ಸರಿಯಲ್ಲ. ಇಬ್ನ್ ಸೀನಾ ಬರೆದುದರಲ್ಲಿ ಬಹುಪಾಲು ಗ್ರೀಕ್ ವೈದ್ಯ ಗೇಲನ್‌ನಿಂದ ಬಂದದ್ದು. ಭಾರತದ ಚರಕ ಸಂಹಿತೆಯೂ ಅದಕ್ಕಿಂತ ಮೊದಲೇ 32 ಹಲ್ಲುಗಳನ್ನು ಎಣಿಸಿತ್ತು. ಹಲ್ಲನ್ನು ಹುಳು ಕೊರೆಯುತ್ತದೆ ಎಂಬ ನಂಬಿಕೆ ಇಬ್ನ್ ಸೀನಾರಲ್ಲೂ ಇತ್ತು. ಬೀಜಗಳ ಹೊಗೆ ಹಾಕುವ ಚಿಕಿತ್ಸೆಯನ್ನು ಅವರು ಹೇಳಿದ್ದಾರೆ. ನಾವು ಇಂದಿಗೂ ಹುಳುಕು ಹಲ್ಲು ಎನ್ನುತ್ತೇವಲ್ಲ!

ಗ್ರಂಥದಲ್ಲಿ ಇರುವುದನ್ನೆಲ್ಲ ನಂಬದೆ ಮೂಳೆಯನ್ನೇ ಕೈಗೆತ್ತಿಕೊಂಡು ನೋಡಿದವರು ಅಬ್ದುಲ್ಲತೀಫ್ ಅಲ್‌ಬಗ್ದಾದಿ (1162–1231). ಕ್ರಿ.ಶ. 1200ರ ನಂತರ ಈಜಿಪ್ಟಿನಲ್ಲಿ ನೈಲ್ ನದಿ ಉಕ್ಕದೆ ಭೀಕರ ಕ್ಷಾಮ ಬಂದಿತು. ಜನರು ದಾರಿಯಲ್ಲಿ ಸತ್ತು ಬಿದ್ದರು, ದಫನ ಮಾಡುವವರೂ ಉಳಿಯಲಿಲ್ಲ. ಕೈರೋ ಬಳಿಯ ಮಕ್ಸ್ ಎಂಬಲ್ಲಿ ಎಲುಬುಗಳ ರಾಶಿಯೇ ಇತ್ತು. ಕೆಳದವಡೆಯು ಗಲ್ಲದಲ್ಲಿ ಕೂಡಿದ ಎರಡು ಮೂಳೆಗಳೆಂದು ಗೇಲನ್ ಬರೆದಿದ್ದ, ಸಾವಿರ ವರ್ಷ ಎಲ್ಲರೂ ಅದನ್ನೇ ಓದಿದ್ದರು. ಬಗ್ದಾದಿ ಮತ್ತು ಅವರ ಸಂಗಡಿಗರು ಎರಡು ಸಾವಿರಕ್ಕಿಂತಲೂ ಹೆಚ್ಚು ತಲೆಬುರುಡೆಗಳನ್ನು ಪರೀಕ್ಷಿಸಿದರು. ಒಂದರಲ್ಲೂ ಕೀಲು ಕಾಣಲಿಲ್ಲ. ಕೆಳದವಡೆ ಒಂದೇ ಮೂಳೆ. ಗೇಲನ್ ಎಷ್ಟೇ ಎಚ್ಚರಿಕೆಯ ವಿದ್ವಾಂಸನಾದರೂ ಇಂದ್ರಿಯಗಳ ಸಾಕ್ಷ್ಯ ಅವನಿಗಿಂತ ದೊಡ್ಡದೆಂದು ಅವರು ಬರೆದಿಟ್ಟರು. ಹುಟ್ಟುವ ಶಿಶುವಿನಲ್ಲಿ ದವಡೆ ಎರಡು ಭಾಗವಾಗಿದ್ದು ಮೊದಲ ವರ್ಷದೊಳಗೆ ಬೆಸೆದುಕೊಳ್ಳುತ್ತದೆ ಎಂಬುದು ಇಂದು ತಿಳಿದಿದೆ. ಗೌರವದಿಂದ ದಫನವಾಗಬೇಕಾಗಿದ್ದ ಜನರ ಎಲುಬುಗಳಿಂದ ಈ ಜ್ಞಾನ ಬಂದಿತು ಎಂಬುದನ್ನು ಮರೆತು ಆ ಪುಟವನ್ನು ಓದುವುದು ನನಗೆ ಸಾಧ್ಯವಾಗುವುದಿಲ್ಲ.

ಇಂಗ್ಲೆಂಡಿನ ಜಾನ್ ಹಂಟರ್ 1771ರಲ್ಲಿ ಹಲ್ಲುಗಳ ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದ ಬಳಿಕ ಈ ವಿದ್ಯೆ ಪಶ್ಚಿಮದಲ್ಲಿ ಬೆಳೆಯಿತು. ಅದನ್ನು ಕಾಲೇಜಿನ ರೂಪದಲ್ಲಿ ಭಾರತಕ್ಕೆ ತಂದವರು ಡಾ. ರಫೀಉದ್ದೀನ್ ಅಹ್ಮದ್. ಢಾಕಾ ಕಡೆಯವರು, ಅಲೀಗಢದಲ್ಲಿ ಕಲಿತು ಅಮೇರಿಕದ ಅಯೋವಾದಲ್ಲಿ 1915ರಲ್ಲಿ ದಂತ ವೈದ್ಯ ಪದವಿ ಪಡೆದರು. ಮರಳಿ ಬಂದು 1920ರಲ್ಲಿ ಕಲ್ಕತ್ತಾದಲ್ಲಿ ದೇಶದ ಮೊದಲ ದಂತ ವೈದ್ಯ ಕಾಲೇಜನ್ನು ತೆರೆದರು. ಅದರ ಖರ್ಚಿಗಾಗಿ ಅವರು ನ್ಯೂಯಾರ್ಕ್ ಸೋಡಾ ಫೌಂಟೇನ್ ಎಂಬ ಪಾನೀಯದ ಅಂಗಡಿಯನ್ನು ನಡೆಸಿದರು. 1949ರಲ್ಲಿ ಕಾಲೇಜನ್ನು ಸರಕಾರಕ್ಕೆ ಒಪ್ಪಿಸಿಬಿಟ್ಟರು. ಈಗ ಅದು ಅವರ ಹೆಸರಿನಲ್ಲೇ ಇದೆ. ನಮ್ಮ ಜಿಲ್ಲೆಗಳಲ್ಲಿ 1965ರ ಮಣಿಪಾಲದ ಕಾಲೇಜು ದಾರಿ ತೋರಿತು, ಸುಳ್ಯ ಆಮೇಲಿನದು.

ಸುಳ್ಯವಿರಲಿ, ಬೇರೆ ಊರಿರಲಿ, ಮೇಣದ ಪಾಠದ ಜೊತೆಗೆ ದಂತ ವಿದ್ಯಾರ್ಥಿಗೆ ನಿಜವಾದ ಹಲ್ಲುಗಳೂ ಬೇಕಾಗುತ್ತವೆ. ಚಿಕಿತ್ಸೆಯಲ್ಲಿ ಕಿತ್ತ ಹಲ್ಲುಗಳನ್ನು ಶುದ್ಧಗೊಳಿಸಿ ಬಾಟಲಿಯಲ್ಲಿಟ್ಟುಕೊಂಡು ಕಲಿಯುತ್ತಾರೆ. ನಮ್ಮದು ಅಡಿಕೆಯ ನಾಡು. ಎಲೆಯಡಿಕೆ ಜಗಿದು ತುದಿ ಸವೆದ, ಕಂದು ಬಣ್ಣಕ್ಕೆ ತಿರುಗಿದ ಹಲ್ಲುಗಳನ್ನು ಇಲ್ಲಿನ ಹಿರಿಯರ ಬಾಯಿಯಲ್ಲಿ ಯಾರೂ ನೋಡಬಹುದು. ದೇಹದಿಂದ ಬೇರ್ಪಟ್ಟ ಕೂದಲು, ಉಗುರು, ಹಲ್ಲುಗಳನ್ನು ಹೂಳುವುದು ಉತ್ತಮವೆಂದು ಅನೇಕ ವಿದ್ವಾಂಸರು ಹೇಳಿದ್ದಾರೆ. ವೈದ್ಯಕೀಯ ತ್ಯಾಜ್ಯದ ಸರಕಾರಿ ನಿಯಮಗಳು ಮಾನವ ಅಂಗಾಂಶವನ್ನು ಸುಡುವುದಕ್ಕೂ ಆಳವಾಗಿ ಹೂಳುವುದಕ್ಕೂ ಅವಕಾಶ ಕೊಡುತ್ತವೆ. ಕಲಿತು ಮುಗಿದ ಮೇಲೆ ಆ ಬಾಟಲಿಯ ಹಲ್ಲುಗಳನ್ನು ಏನು ಮಾಡಬೇಕು, ಕಿತ್ತ ಹಲ್ಲನ್ನು ಕಲಿಕೆಗೆ ಕೊಡುವಾಗ ರೋಗಿಯ ಒಪ್ಪಿಗೆ ಕೇಳಬೇಕೇ ಎಂದು ನಮ್ಮ ಹುಡುಗ ಹುಡುಗಿಯರು ಪ್ರಶ್ನಿಸಿದರೆ ಉಸ್ತಾದರೂ ಪ್ರಾಧ್ಯಾಪಕರೂ ಕೂಡಿ ಕುಳಿತು ಉತ್ತರಿಸಬೇಕಾದ ಪ್ರಶ್ನೆಯದು. ಒಂದು ಹಲ್ಲಿಗೆ ಐದು ಒಂಟೆಗಳ ಬೆಲೆ ಕಟ್ಟಿದ ಶರೀಅತ್‌ನಲ್ಲಿ ಈ ಚರ್ಚೆಗೆ ಜಾಗವಿದೆ.