ಚಂದ್ರನ ಮರೆಯೂ ನಮ್ಮ ನೀಲಗಿರಿಯೂ

ಚಂದ್ರನ ವೃದ್ಧಿಕ್ಷಯಗಳು ಭೂಮಿಯ ನೆರಳಿನಿಂದ ಆಗುವುವೆಂದು ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಭಾವಿಸುವುದುಂಟು. ನೆರಳು ಬೀಳುವುದು ಗ್ರಹಣಕಾಲದಲ್ಲಿ ಮಾತ್ರ. ಸೂರ್ಯನು ಚಂದ್ರನ ಅರ್ಧಭಾಗವನ್ನು ಸದಾ ಬೆಳಗುತ್ತಿರುವನು. ಅದರಲ್ಲಿ ನಮಗೆ ಕಾಣುವಷ್ಟೇ ಅಂದಿನ ಕಲೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು ೨೯½ ದಿನಗಳು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸೂರ್ಯಚಂದ್ರರ ಸೆಳೆತವು ಒಂದೇ ಗೆರೆಯಲ್ಲಿ ಕೂಡುವುದರಿಂದ ಮಂಗಳೂರು ಕಾರವಾರಗಳ ಕಡಲು ಹೆಚ್ಚಾಗಿ ಉಬ್ಬುವುದು. ಕಡಲಿಲ್ಲದ ನಮ್ಮ ಬೆಟ್ಟಸೀಮೆಗೆ ಚಂದ್ರನಿಂದ ಬೇರೊಂದು ಕೀರ್ತಿ ಬಂದಿದೆ.

ಚಂದ್ರನು ನಕ್ಷತ್ರಗಳ ನಡುವೆ ಗಂಟೆಗೆ ಸುಮಾರು ತನ್ನ ಅಗಲದಷ್ಟು ಪೂರ್ವಕ್ಕೆ ಸರಿಯುತ್ತ, ದಾರಿಯಲ್ಲಿರುವುದನ್ನು ಮರೆಮಾಡುತ್ತಾನೆ. ಪುರಾಣದಲ್ಲಿ ಅವನ ಪ್ರಿಯಪತ್ನಿಯಾದ ರೋಹಿಣಿಯೂ ಕೆಲವು ವರ್ಷಗಳಲ್ಲಿ ಹೀಗೆ ಮರೆಯಾಗುವಳು. ಆ ಕ್ಷಣದಲ್ಲಿ ಚಂದ್ರನ ಅಂಚು ಎಲ್ಲಿದ್ದಿತೆಂಬುದು ಗಣಿತದಿಂದ ತಿಳಿಯುವುದರಿಂದ, ಮರೆಯಾದ ವಸ್ತುವಿನ ಸ್ಥಾನವನ್ನೂ ಗಾತ್ರವನ್ನೂ ಅಳೆಯಬಹುದು. ೧೯೬೨ರಲ್ಲಿ ಸಿರಿಲ್ ಹಜಾರ್ಡ್ ಮತ್ತು ಸಂಗಡಿಗರು ಆಸ್ಟ್ರೇಲಿಯದ ಪಾರ್ಕ್ಸ್ ದೂರದರ್ಶಕದಿಂದ ೩ಸಿ ೨೭೩ ಎಂಬ ರೇಡಿಯೋ ಆಕರದ ನೆಲೆಯನ್ನು ಹೀಗೆಯೇ ಗುರುತಿಸಿದರು. ಅದು ನಮ್ಮ ಆಕಾಶಗಂಗೆಯ ಆಚೆ ಬಹುದೂರದಲ್ಲಿರುವುದೆಂದು ೧೯೬೩ರಲ್ಲಿ ಮಾರ್ಟನ್ ಷ್ಮಿಟ್ ತೋರಿಸಿದರು.

ಇದರಿಂದ ಪ್ರೇರಿತರಾದ ಗೋವಿಂದ ಸ್ವರೂಪರು, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಹೋಮಿ ಭಾಭಾ ಅವರ ಬೆಂಬಲವನ್ನು ಪಡೆದು, ಅನೇಕಾನೇಕ ಆಕರಗಳನ್ನು ಅಳೆಯುವ ಯಂತ್ರವನ್ನು ಕಲ್ಪಿಸಿದರು. ಉದಕಮಂಡಲದ ಬಳಿಯ ಮುತ್ತೊರೈ ಬೆಟ್ಟದ ಇಳಿಜಾರು ಸುಮಾರು ೧೧ ಅಂಶ. ಆ ಸ್ಥಳದ ಅಕ್ಷಾಂಶವೂ ಅಷ್ಟೇ. ಆದುದರಿಂದ ಅಲ್ಲಿ ಉತ್ತರದಕ್ಷಿಣವಾಗಿ ನಿಲ್ಲಿಸಿದ ದೂರದರ್ಶಕದ ಅಚ್ಚು ಭೂಮಿಯ ಅಚ್ಚಿಗೆ ಸಮಾನಾಂತರವಾಯಿತು. ಒಂದೇ ಅಚ್ಚಿನ ಸುತ್ತ ತಿರುಗಿಸಿ, ಒಂದು ಆಕರವನ್ನು ಒಂಬತ್ತು ಗಂಟೆಗೂ ಮಿಕ್ಕಿ ಹಿಂಬಾಲಿಸಬಹುದು. ೫೩೦ ಮೀಟರ್ ಉದ್ದ, ೩೦ ಮೀಟರ್ ಅಗಲದ ಈ ಯಂತ್ರವು ನಮ್ಮ ದೇಶದ ಎಂಜಿನಿಯರುಗಳ ಕೈಯಿಂದ ಸಿದ್ಧವಾಗಿ ೧೯೭೦ರಲ್ಲಿ ಕೆಲಸವನ್ನಾರಂಭಿಸಿತು. ಇದಕ್ಕೆ ತಿಥಿಯ ಹಂಗಿಲ್ಲ, ನಮ್ಮ ಮಳೆಗಾಲದ ಮೋಡ ಮಂಜುಗಳ ಅಡ್ಡಿಯೂ ಇಲ್ಲ.

ಮುಂದಿನ ವರ್ಷಗಳಲ್ಲಿ ಸುಮಾರು ಸಾವಿರ ಆಕರಗಳ ಮರೆಗಳನ್ನು ಅದು ದಾಖಲಿಸಿತು. ಕ್ಷೀಣವಾದ, ಎಂದರೆ ಬಹುಮಟ್ಟಿಗೆ ದೂರದ, ಆಕರಗಳು ಗಾತ್ರದಲ್ಲಿ ಕಿರಿದಾಗಿ ಕಂಡುವು. ಸ್ವರೂಪ್ ಮತ್ತು ವಿಜಯ್ ಕಪಾಹಿಯವರು ೧೯೭೫ರಲ್ಲಿ ಇದನ್ನು ವಿಚಾರಮಾಡಿ, ವಿಶ್ವವು ಎಂದೆಂದೂ ಒಂದೇ ಸ್ಥಿತಿಯಲ್ಲಿದ್ದುದಲ್ಲ, ಕಾಲದೊಡನೆ ಮಾರ್ಪಡುತ್ತ ಬಂದಿದೆ ಎಂಬ ಮತಕ್ಕೆ ಬಲವನ್ನಿತ್ತರು.

ಶುಕ್ಲಪಕ್ಷದ ಸಂಜೆ ಚಂದ್ರನ ಕತ್ತಲೆಯ ಅಂಚಿನಲ್ಲಿ ನಕ್ಷತ್ರವೊಂದು ಥಟ್ಟನೆ ಮಾಯವಾಗುವುದನ್ನು ಕಂಡರೆ, ಉಪಾಧ್ಯಾಯ ಬಂಧುಗಳು ಮಕ್ಕಳಿಗೆ ತೋರಿಸಲಿ. ಮುತ್ತೊರೈಯಲ್ಲಿ ವಿಶ್ವದ ಚರಿತ್ರೆಯನ್ನು ಓದಿದುದು ಈ ಸಣ್ಣ ಸಂಗತಿಯಿಂದಲೇ ಎಂಬುದನ್ನು ನಾವು ಅವರಿಗೆ ಹೇಳಬೇಕು.