ಕಾಲು ಮುಂದಾಗಿ ಬಂದವನು

ಹಿರೇಕೊಟ್ನೆಕಲ್‌ನಲ್ಲಿ ಯಾರಿಗಾದ್ರೂ ಸೊಂಟ ಚಳಕು ಹಿಡಿದರೆ ನನ್ನನ್ನ ಕರೀತಿದ್ರು. ಕಾಲು ಮುಂದಾಗಿ ಹುಟ್ಟಿದವನು ಒದ್ದರೆ ಚಳಕು ಬಿಡುತ್ತೆ ಅನ್ನೋ ನಂಬಿಕೆ. ಆ ಗೌರವದ ಬೆಲೆ ತೆತ್ತವಳು ಅವ್ವ. "ಮೊದ್ಲು ಕಾಲು ಕಂಡ್ವು, ಸೂಲಗಿತ್ತಿ ಮಾತು ನಿಲ್ಲಿಸಿದ್ಳು." ಇಷ್ಟನ್ನು ಒಮ್ಮೆ ಮಾತ್ರ ಹೇಳಿದ್ದಾಳೆ.

ತಲೆ ಕೊನೆಗೆ ಬಂದರೆ ಸಿಕ್ಕಿಕೊಳ್ಳಬಹುದು, ಹೊಕ್ಕುಳಬಳ್ಳಿ ಒತ್ತಿ ಮಗುವಿಗೆ ಆಮ್ಲಜನಕ ತಪ್ಪಬಹುದು. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡದ ಸೂಲಗಿತ್ತಿ ನರಸಮ್ಮ ಹೊಟ್ಟೆ ಮುಟ್ಟಿಯೇ ಮಗು ಹೇಗಿದೆ ಅಂತ ಹೇಳುತ್ತಿದ್ದರಂತೆ. ಆದರೆ ತಿಳಿಯೋದು ಬೇರೆ, ಸಿಕ್ಕಿದ ತಲೆ ಬಿಡಿಸೋದು ಬೇರೆ. 2000ದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ, 26 ದೇಶಗಳ ಅಧ್ಯಯನ ಇಂಥ ಮಗುವಿಗೆ ಮೊದಲೇ ಗೊತ್ತುಮಾಡಿದ ಸಿಸೇರಿಯನ್ ಹೆಚ್ಚು ಸುರಕ್ಷಿತ ಎಂದಿತು. ಜಗತ್ತಿನ ಆಸ್ಪತ್ರೆಗಳು ಬೇಗ ದಾರಿ ಬದಲಿಸಿದವು. ಕರ್ನಾಟಕದಲ್ಲಿ 108 ಆಂಬುಲೆನ್ಸ್ ಓಡಿದ್ದು 2008ರ ನವೆಂಬರ್‌ನಿಂದ. ನಾನು ಹುಟ್ಟಿದಾಗ ಇದ್ಯಾವುದೂ ಇರಲಿಲ್ಲ. ಕತ್ತಲು, ಲಾಟೀನು, ಒಬ್ಬ ಅನುಭವಿಯ ಕೈ, ಅಷ್ಟೇ.

ಹೋದ ವರ್ಷ ಹೆಂಡತಿಯ ಸ್ಕ್ಯಾನ್‌ನಲ್ಲಿ 'ಬ್ರೀಚ್' ಅಂತ ಬಂತು. ಆಪರೇಷನ್ ದಿನಾಂಕವನ್ನು ಮೀಟಿಂಗ್ ಥರ ಫೋನಿನ ಕ್ಯಾಲೆಂಡರ್‌ಗೆ ಹಾಕಿದೆ. ಅವ್ವ ಸ್ಕ್ಯಾನ್ ಚಿತ್ರವನ್ನೇ ಬಹಳ ಹೊತ್ತು ನೋಡಿ ಕೇಳಿದ್ದು ಒಂದೇ ಮಾತು:

"ಮೊದ್ಲೇ ಗೊತ್ತಾಗ್ತದೇನಪ್ಪ?"