ನಾಲ್ಕು ಊರು, ಒಂದು ಪಿಚ್

ಚಿತ್ರದುರ್ಗದಲ್ಲಿ ಕ್ರಿಕೆಟ್ಟಿನ ಲೆಕ್ಕ ಗಾಳಿಯಿಂದಲೇ ಶುರುವಾಗಬೇಕು. ಜೋಗಿಮಟ್ಟಿ ಸುತ್ತಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿರುವುದು ಸುಮ್ಮನೆ ಅಲ್ಲ. ಮುಂಗಾರು ಹಿಡಿಯಿತೆಂದರೆ ಪಡುವಣ ಗಾಳಿ ಆಷಾಢ ಕಳೆದು ಶ್ರಾವಣ ಮುಗಿಯುವವರೆಗೂ ಬೀಸುತ್ತಲೇ ಇರುತ್ತದೆ. ಮಳೆ ಬಹುಪಾಲು ಮಲೆನಾಡಿನಲ್ಲೇ ಸುರಿದು ಹೋಗಿರುತ್ತದೆ, ನಮಗೆ ದಕ್ಕುವುದು ಮೋಡ ಮತ್ತು ತುಂತುರು. ಆ ದಿನಗಳಲ್ಲಿ ಪಂದ್ಯ ಇಟ್ಟುಕೊಂಡರೆ ಸ್ಟಂಪಿನ ಮೇಲೆ ಬೇಲ್ಸ್ ನಿಲ್ಲುವುದಿಲ್ಲ. ಅಂಪೈರ್ ಎರಡು ಮೂರು ಸಲ ಇಟ್ಟು ನೋಡಿ, ಕೊನೆಗೆ ತೆಗೆದು ಜೇಬಿಗೆ ಹಾಕಿಕೊಂಡು ಆಡಿಸುತ್ತಾರೆ. ನಿಯಮದಲ್ಲೂ ಅದಕ್ಕೆ ಅವಕಾಶವಿದೆ. ಗಾಳಿ ಬೆನ್ನಿಗಿರುವ ತುದಿ ಯಾರಿಗೆ ಎಂಬುದು ಬೌಲರ್‌ಗಳ ನಡುವೆ ಟಾಸ್‌ಗಿಂತ ದೊಡ್ಡ ವಿಷಯ. ಮೇಲೆದ್ದ ಕ್ಯಾಚ್ ಮಿಡ್‌ ಆನ್‌ನವನ ತಲೆ ಮೇಲೆ ಏರಿ ಸ್ಕ್ವೇರ್‌ ಲೆಗ್‌ನವನ ಕೈಗೆ ಇಳಿಯುವುದನ್ನು ಇಲ್ಲಿನ ಹುಡುಗರು ಚಿಕ್ಕಂದಿನಿಂದ ನೋಡಿ ಬಲ್ಲರು.

ದುರ್ಗದ ಕಡೆ ನಿಜವಾದ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನದು. ಹಾಗಾಗಿ ಲೆದರ್ ಬಾಲ್ ಕ್ರಿಕೆಟ್ಟಿಗೆ ಒಳ್ಳೆಯ ಕಾಲ ದೀಪಾವಳಿಯ ನಂತರ ಶುರುವಾಗಿ ಶಿವರಾತ್ರಿಯ ಹೊತ್ತಿಗೆ ಮುಗಿಯುತ್ತದೆ. ಆಮೇಲೆ ಪರೀಕ್ಷೆ, ಅದಾದ ಮೇಲೆ ಬಂಡೆ ಕಾದು ಸಂಜೆಯವರೆಗೂ ಝಳ ಹೊಡೆಯುವ ಬೇಸಿಗೆ. ಸಿಗುವುದು ನಾಲ್ಕೇ ತಿಂಗಳು. ಈ ನಾಲ್ಕು ತಿಂಗಳನ್ನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಆಟಗಾರರು ಹೇಗೆ ಬಳಸಿಕೊಳ್ಳುತ್ತಾರೆ ಎಂಬುದರ ಮೇಲೆ ಬರುವ ಸೀಸನ್‌ನ ಗತಿ ನಿಂತಿದೆ.

ನಾಲ್ಕೂ ಊರುಗಳಿಗೆ ಒಂದಕ್ಕೊಂದು ಹಳೆಯ ನಂಟು. ವೇದಾವತಿ ಕಡೂರಿನ ಕಡೆಯಿಂದ ಹೊಸದುರ್ಗದ ಸೀಮೆಗೆ ಬಂದು, ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರವಾಗಿ ನಿಂತು, ಅಲ್ಲಿಂದ ಹಿರಿಯೂರಿಗೆ ಇಳಿಯುತ್ತಾಳೆ. ಅದೇ ಜಲಾಶಯದಿಂದ ದುರ್ಗದ ಮನೆಗಳಿಗೆ ಕುಡಿಯುವ ನೀರು ಬರುತ್ತದೆ. ಹೊಳಲ್ಕೆರೆ ಅಡಿಕೆಯ ಊರು. 1475ರಲ್ಲಿ ಗುಲ್ಯಪ್ಪ ನಾಯಕ ಪ್ರತಿಷ್ಠಾಪಿಸಿದ ಬಯಲು ಗಣಪತಿಯ ಊರು. ಅದೇ ತಾಲ್ಲೂಕಿನ ಚಿಕ್ಕಜಾಜೂರಿನಲ್ಲಿ ದೊಡ್ಡ ಲೈನಿನಿಂದ ಕವಲೊಡೆದು ರೈಲು ದುರ್ಗಕ್ಕೆ ಬರುತ್ತದೆ. ಹೊಸದುರ್ಗ ತೆಂಗಿನ ಊರು, ಹಿರಿಯೂರು ಹೆದ್ದಾರಿಯ ಊರು, ದುರ್ಗ ಕೋಟೆಯ ಊರು. ಕಬಡ್ಡಿ, ಕೊಕ್ಕೊ, ಕುಸ್ತಿ ಎಲ್ಲೆಡೆ ಮೊದಲಿನಿಂದ ಇದ್ದವು. ಕ್ರಿಕೆಟ್ ಆಮೇಲೆ ಬಂದು ಎಲ್ಲವನ್ನೂ ಪಕ್ಕಕ್ಕೆ ಸರಿಸಿತು.

ಆಡಳಿತದ ಲೆಕ್ಕದಲ್ಲಿ ನಮ್ಮ ಜಿಲ್ಲೆ ಕ್ರಿಕೆಟ್ಟಿಗೆ ಹೊಸದಲ್ಲ. ಇಂದಿನ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ 1933ರಲ್ಲಿ ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆಯಾಗಿ ಹುಟ್ಟಿತು. 1907ರಲ್ಲಿ ಕಟ್ಟಿ ಮುಗಿಸಿದ್ದ ವಾಣಿವಿಲಾಸ ಸಾಗರ ಮೊದಲ ಬಾರಿಗೆ ಕೋಡಿ ಬಿದ್ದದ್ದೂ ಅದೇ 1933ರಲ್ಲಿ. ಮರುವರ್ಷ ನವೆಂಬರ್ 4ರಂದು ಮದರಾಸಿನ ಚೆಪಾಕ್‌ನಲ್ಲಿ ನಡೆದ ಮೊಟ್ಟಮೊದಲ ರಣಜಿ ಪಂದ್ಯದಲ್ಲಿ ಮೈಸೂರು ಒಂದೇ ದಿನದಲ್ಲಿ ಸೋತು ಬಂತು. ಆಗ ಹುಬ್ಬಳ್ಳಿ ಧಾರವಾಡ ಮುಂಬೈ ಪ್ರಾಂತ್ಯದಲ್ಲಿದ್ದವು, ಮಂಗಳೂರು ಬಳ್ಳಾರಿ ಮದರಾಸಿನಲ್ಲಿದ್ದವು. ಚಿತ್ರದುರ್ಗ ಮಾತ್ರ ಮೊದಲ ದಿನದಿಂದಲೂ ಮೈಸೂರು ಸಂಸ್ಥಾನದ ಜಿಲ್ಲೆ. ಇಷ್ಟು ಹಳೆಯ ಸಂಬಂಧವಿದ್ದೂ ನಾವು ಹಿಂದುಳಿದದ್ದು ಯಾಕೆ ಎಂಬ ಪ್ರಶ್ನೆಯನ್ನು ನಾನು ಗಂಭೀರವಾಗಿಯೇ ಕೇಳುತ್ತೇನೆ.

ಒಂದು ಉತ್ತರ 1997ರಲ್ಲಿದೆ. ಆ ವರ್ಷ ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳು ನಮ್ಮಿಂದ ಬೇರೆಯಾಗಿ ಹೊಸ ಜಿಲ್ಲೆಗೆ ಸೇರಿದವು. ಮಿಲ್ಲು, ಕಾಲೇಜು, ವ್ಯಾಪಾರ ಎಲ್ಲ ಇದ್ದ ಊರು ದಾವಣಗೆರೆ. ಕ್ರಿಕೆಟ್ಟಿನ ಹುರುಪೂ ಅಲ್ಲೇ ಹೆಚ್ಚು. ಭಾರತಕ್ಕೆ ಆಡಿದ, 2013-14 ಮತ್ತು 2014-15ರಲ್ಲಿ ಕರ್ನಾಟಕಕ್ಕೆ ನಾಯಕನಾಗಿ ಬೆನ್ನುಬೆನ್ನಿಗೆ ರಣಜಿ ಗೆದ್ದುಕೊಟ್ಟ ಆರ್. ವಿನಯ್ ಕುಮಾರ್ ಅವರನ್ನು ಎಲ್ಲರೂ ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದೇ ಕರೆದರು. ಅವರು ಹುಟ್ಟಿದ್ದು 1984ರ ಫೆಬ್ರುವರಿಯಲ್ಲಿ. ಆಗ ದಾವಣಗೆರೆ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು. ಈ ಮಾತನ್ನು ಹಕ್ಕು ಸ್ಥಾಪಿಸಲು ಹೇಳುತ್ತಿಲ್ಲ. ಈ ಸೀಮೆಯ ಹುಡುಗನೊಬ್ಬ ಪರ್ತ್‌ನಲ್ಲಿ ಟೆಸ್ಟ್ ಆಡುವಷ್ಟು ಬೆಳೆಯಬಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಹುಡುಕಬೇಕಾಗಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ರಾಜ್ಯ ಸಂಸ್ಥೆಯ ವಲಯಗಳ ಹಂಚಿಕೆಯಲ್ಲಿ ನಾವೂ ದಾವಣಗೆರೆಯೂ ಈಗಲೂ ಜೊತೆಗೇ ತುಮಕೂರು ವಲಯದಲ್ಲಿದ್ದೇವೆ. ವಲಯದ ಲೀಗ್‌ನಲ್ಲಿ ಮಿಂಚಿದವನು ವಲಯ ತಂಡಕ್ಕೆ, ಅಲ್ಲಿಂದ ಅಂತರ ವಲಯ ಟೂರ್ನಿಗೆ, ಅಲ್ಲಿ ರನ್ನೋ ವಿಕೆಟ್ಟೋ ಬಿದ್ದರೆ ಬೆಂಗಳೂರಿನ ಆಯ್ಕೆದಾರರ ಕಣ್ಣಿಗೆ. ಬೆಂಗಳೂರಿನಲ್ಲಿ ಹುಟ್ಟಿದ ಹುಡುಗನಿಗೆ ಇರುವ ನಾಲ್ಕೈದು ದಾರಿಗಳಲ್ಲಿ ನಮ್ಮವರಿಗೆ ಇರುವುದು ಇದೊಂದೇ. ತುಮಕೂರಿನಲ್ಲಿ ಪಂದ್ಯವಿದ್ದರೆ ಹೊಸದುರ್ಗದ ಹುಡುಗ ಕೋಳಿ ಕೂಗುವ ಮೊದಲೇ ಕಿಟ್ ಬ್ಯಾಗ್ ಹೊತ್ತು ಹೊರಡಬೇಕು. ತುಮಕೂರಿನಿಂದ ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ 191 ಕಿಲೋಮೀಟರಿನ ಹೊಸ ರೈಲು ಮಾರ್ಗದ ಕೆಲಸ ನಡೆದಿದೆ. ಅದು ಮುಗಿದರೆ ಅಡಿಕೆ, ಈರುಳ್ಳಿಯವರಿಗಿಂತ ಮೊದಲು ಖುಷಿಪಡುವವರು ಕ್ರಿಕೆಟ್ಟಿನವರೇ ಇರಬೇಕು.

ಮೈದಾನಗಳ ವಿಷಯಕ್ಕೆ ಬರೋಣ. ದುರ್ಗದಲ್ಲಿ ವೀರವನಿತೆ ಒನಕೆ ಓಬವ್ವ ಕ್ರೀಡಾಂಗಣವಿದೆ, ಹಳೆ ಮಾಧ್ಯಮಿಕ ಶಾಲಾ ಮೈದಾನವಿದೆ, ಕಾಲೇಜುಗಳ ಬಯಲುಗಳಿವೆ. ಹಿರಿಯೂರಿಗೆ ನೆಹರೂ ಮೈದಾನ. ಹೊಸದುರ್ಗ, ಹೊಳಲ್ಕೆರೆಯಲ್ಲಿ ಶಾಲೆ ಕಾಲೇಜಿನ ಬಯಲೇ ಆಸರೆ. ಜಾಗವಿಲ್ಲ ಎನ್ನುವಂತಿಲ್ಲ. ಆದರೆ ಇವೆಲ್ಲ ಊರಿನ ಎಲ್ಲ ಕೆಲಸಕ್ಕೂ ಬೇಕಾದ ಬಯಲುಗಳು. ಅಥ್ಲೆಟಿಕ್ಸ್ ಅಲ್ಲೇ, ರಾಜಕೀಯ ಸಭೆ ಅಲ್ಲೇ, ವಸ್ತುಪ್ರದರ್ಶನ ಅಲ್ಲೇ. ಸಭೆಯ ಶಾಮಿಯಾನಕ್ಕೆ ಗೂಟ ಹೊಡೆದ ತೂತುಗಳು ಗುಡ್ ಲೆಂಗ್ತ್‌ನ ಜಾಗದಲ್ಲೇ ಇದ್ದರೆ ಭಾನುವಾರ ಬೆಳಿಗ್ಗೆ ಬೌಲರ್‌ನೇ ಮಣ್ಣು ತುಂಬಿ ಕುಟ್ಟಬೇಕು.

ಭಾನುವಾರದ ಆ ಬೆಳಗನ್ನು ಹತ್ತಿರದಿಂದ ನೋಡಿದವರಿಗೆ ಸಣ್ಣ ಊರಿನ ಕ್ರಿಕೆಟ್ ಏನೆಂದು ತಿಳಿಯುತ್ತದೆ. ಆರೂವರೆಗೆ ಮೂವರು ನಾಲ್ವರು ಬಂದಿರುತ್ತಾರೆ. ಸುತ್ತಿಟ್ಟ ಮ್ಯಾಟ್ ಭಾರ, ಇಬ್ಬರಿಂದ ಎತ್ತಲಾಗುವುದಿಲ್ಲ. 22 ಗಜ ಅಳೆದು, ನೀರು ಚಿಮುಕಿಸಿ, ಕಲ್ಲು ಆರಿಸಿ, ಮ್ಯಾಟ್ ಬಿಡಿಸಿ, ನಾಲ್ಕೂ ಕಡೆಯಿಂದ ಎಳೆದು ಹಿಡಿದು ಅಂಚಿಗೆ ಕಬ್ಬಿಣದ ಮೊಳೆ ಹೊಡೆಯುತ್ತಾರೆ. ಒಂದು ಕಡೆ ಸಡಿಲ ಬಿಟ್ಟರೂ ಚೆಂಡು ಅಲ್ಲಿ ಬಿದ್ದು ಏಳುವುದೇ ಇಲ್ಲ. ಬಿಗಿ ಹೆಚ್ಚಾದರೆ ಎದೆಮಟ್ಟಕ್ಕೆ ನೆಗೆಯುತ್ತದೆ. ಈ ಕೆಲಸಕ್ಕೆ ಸಂಬಳದ ಆಳಿಲ್ಲ. ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವವನು, ಡಿಗ್ರಿ ಎರಡನೇ ವರ್ಷದವನು, ಮಂಡಿಯಲ್ಲಿ ಲೆಕ್ಕ ಬರೆಯುವವನು ಸೇರಿ ಮಾಡುತ್ತಾರೆ. ಒಂಬತ್ತಕ್ಕೆ ಟಾಸ್ ಆಗುವ ಹೊತ್ತಿಗೆ ಅವರು ಅರ್ಧ ದಣಿದಿರುತ್ತಾರೆ.

ಮ್ಯಾಟ್ ಮೇಲೆ ಬೆಳೆದ ಆಟಗಾರನಿಗೆ ಕೆಲವು ಗುಣ ಬರುತ್ತವೆ, ಕೆಲವು ಬರುವುದೇ ಇಲ್ಲ. ನಾರಿನ ಮ್ಯಾಟ್ ಚೆಂಡನ್ನು ಹಿಡಿದು ತಿರುಗಿಸುತ್ತದೆ, ಒಂದೇ ಎತ್ತರಕ್ಕೆ ಪುಟಿಸುತ್ತದೆ. ಹೀಗಾಗಿ ನಮ್ಮಲ್ಲಿ ಲೆಗ್ ಸ್ಪಿನ್ನರ್‌ಗಳು ಹುಟ್ಟುತ್ತಾರೆ, ಕಟ್ ಮತ್ತು ಪುಲ್ ಚೆನ್ನಾಗಿ ಹೊಡೆಯುವವರು ಹುಟ್ಟುತ್ತಾರೆ. ಅದೇ ಹುಡುಗ ಟರ್ಫ್ ಪಿಚ್‌ಗೆ ಹೋದರೆ ಚೆಂಡು ಮೊಣಕಾಲಿನ ಕೆಳಗೇ ಬರುತ್ತದೆ, ಇವನು ಹಿಂಗಾಲಿನ ಮೇಲೆ ಕಾದು ಎಲ್‌ಬಿ ಆಗುತ್ತಾನೆ. ವೇಗದ ಬೌಲರ್‌ನ ಕಷ್ಟ ಇನ್ನೊಂದು. ಸ್ಪೈಕ್ಸ್ ಹಾಕಿದರೆ ಮ್ಯಾಟ್ ಹರಿಯುತ್ತದೆಂದು ರಬ್ಬರ್ ಶೂನಲ್ಲೇ ಓಡಿ ಅಭ್ಯಾಸವಾದವನು ಹುಲ್ಲಿನ ರನ್‌ಅಪ್‌ನಲ್ಲಿ ಮೊದಲ ಸಲ ಸ್ಪೈಕ್ಸ್ ತೊಟ್ಟು ಇಳಿದರೆ ಹೆಜ್ಜೆಯ ಲೆಕ್ಕವೇ ತಪ್ಪುತ್ತದೆ. ಆಯ್ಕೆಯ ಟ್ರಯಲ್ಸ್‌ನಲ್ಲಿ ಸಿಗುವುದು ಕೆಲವೇ ಚೆಂಡು. ಎರಡು ನೋಬಾಲ್ ಬಿದ್ದರೆ ಮುಂದಿನವನ ಹೆಸರು ಕರೆಯುತ್ತಾರೆ. ಪ್ರತಿಭೆ ಇಲ್ಲ ಎಂದು ವಾಪಸ್ ಬಂದವರು ಎಷ್ಟು ಜನ, ಪಿಚ್ ಇಲ್ಲದೆ ವಾಪಸ್ ಬಂದವರು ಎಷ್ಟು ಜನ ಎಂದು ಯಾರೂ ಎಣಿಸಿಲ್ಲ.

ಊರಿಗೊಂದು ಒಳ್ಳೆಯ ಪಿಚ್ ಏನು ಮಾಡಬಲ್ಲದು ಎಂಬುದಕ್ಕೆ ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ನೋಡಿ. 2010ರ ಜನವರಿಯಲ್ಲಿ ಅಲ್ಲಿ ಕರ್ನಾಟಕ ಮತ್ತು ಮುಂಬೈ ರಣಜಿ ಫೈನಲ್ ಆಡಿದವು; ನಮ್ಮವರು ಬರೀ 6 ರನ್ನಿನಿಂದ ಸೋತರು. ಸೋತರೂ ಆ ಪಂದ್ಯ ನೋಡಿದ ಮೈಸೂರಿನ ಹುಡುಗರ ತಲೆಯಲ್ಲಿ ರಣಜಿ ಎಂಬುದು ದೂರದ ಮಾತಾಗಿ ಉಳಿಯಲಿಲ್ಲ. ಶಿವಮೊಗ್ಗದ ನವುಲೆ, ಹುಬ್ಬಳ್ಳಿಯ ರಾಜನಗರಕ್ಕೂ ರಣಜಿ ಪಂದ್ಯ ನಡೆಸುವ ಭಾಗ್ಯ ಬಂತು.

ದುರ್ಗದ ಸೀಮೆಯಲ್ಲಿ ಈಗ ಜೋರಾಗಿರುವುದು ಟೆನಿಸ್ ಬಾಲ್. ಹಳ್ಳಿಹಳ್ಳಿಗೂ ತಂಡ, ಊರ ಹಬ್ಬಕ್ಕೆ, ಜಾತ್ರೆಗೆ, ನಾಯಕರ ಹುಟ್ಟುಹಬ್ಬಕ್ಕೆ ಹೊನಲು ಬೆಳಕಿನ ಪಂದ್ಯಾವಳಿ, ಮೈಕಿನಲ್ಲಿ ಕಾಮೆಂಟರಿ, ಗೆದ್ದವರಿಗೆ ಆಳೆತ್ತರದ ಟ್ರೋಫಿ. ಅದನ್ನು ಕೀಳಾಗಿ ಕಾಣುವವರ ಜೊತೆ ನಾನಿಲ್ಲ. 2024ರಿಂದ ಟೆನಿಸ್ ಬಾಲ್‌ಗೇ ದೇಶ ಮಟ್ಟದ ಲೀಗ್ ಒಂದು ನಡೆಯುತ್ತಿದೆ. ಹಳ್ಳಿಯ ಹುಡುಗನಿಗೆ ಅದೂ ಒಂದು ಬಾಗಿಲು. ಆದರೆ ಆರು, ಎಂಟು ಓವರಿನ ಆಟದಲ್ಲಿ ಬೆಳೆದವನಿಗೆ 50 ಓವರಿನ ಲೀಗ್ ಪಂದ್ಯದಲ್ಲಿ ಇಪ್ಪತ್ತನೇ ಓವರಿಗೆ ಏನು ಮಾಡಬೇಕೆಂದು ತೋಚುವುದಿಲ್ಲ. 156ರಿಂದ 163 ಗ್ರಾಂ ತೂಗುವ ಲೆದರ್ ಚೆಂಡು ಬ್ಯಾಟಿನ ಅಂಚಿಗೆ ತಾಗಿದರೆ ಸ್ಲಿಪ್‌ಗೆ ಹೋಗುತ್ತದೆ. ಟೆನಿಸ್ ಚೆಂಡಿನ ಆಟದಲ್ಲಿ ಸ್ಲಿಪ್ ಎಂಬ ಜಾಗವೇ ಖಾಲಿ. ಇನ್ನು ನಮ್ಮ ಗರಸು ನೆಲದ ಔಟ್‌ಫೀಲ್ಡ್‌ನಲ್ಲಿ ಡೈವ್ ಹೊಡೆದರೆ ಮೊಣಕೈ ಕಿತ್ತುಬರುತ್ತದೆ, ಹಾಗಾಗಿ ಬೌಂಡರಿಗೆ ಹೋಗುವ ಚೆಂಡನ್ನು ಕಾಲಲ್ಲಿ ತಡೆಯುವ ಅಭ್ಯಾಸವೇ ಉಳಿದಿದೆ.

ಈ ಸೀಸನ್‌ಗೆ ನನ್ನ ಅಭಿಪ್ರಾಯ ಒಂದೇ. ನಾಲ್ಕು ಊರು ಬೇರೆ ಬೇರೆ ತಂಡ ಕಟ್ಟಿ ಲೀಗ್‌ಗೆ ಹೋಗುವ ಹಟ ಬಿಡಬೇಕು. ಲೆದರ್ ಬಾಲ್‌ನಲ್ಲಿ ನಿಜಕ್ಕೂ ನೆಲೆ ನಿಲ್ಲಬಲ್ಲವರು ಒಂದೊಂದು ಊರಿನಲ್ಲಿ ಬೆರಳೆಣಿಕೆಯಷ್ಟು. ಉಳಿದ ಜಾಗಕ್ಕೆ ಯಾರನ್ನೋ ತುಂಬಿಸಿ ಹೊರಟರೆ ಏಳನೇ ವಿಕೆಟ್ ಬಿದ್ದ ಮೇಲೆ ಪಂದ್ಯ ಮುಗಿದ ಹಾಗೆಯೇ. ಅದೇ ನಾಲ್ಕು ಊರಿನವರನ್ನು ಒಂದು ತಂಡಕ್ಕೆ ತಂದರೆ, ವಲಯದಲ್ಲಿ ಯಾರಿಗೂ ಕಮ್ಮಿಯಿಲ್ಲದ ಹನ್ನೊಂದು ಜನ ಸಿಗುತ್ತಾರೆ. ಗಾಳಿಗೆ ಎದುರಾಗಿ ಬೌಲ್ ಮಾಡಿ ಗಟ್ಟಿಯಾದ ವೇಗಿಗಳು ದುರ್ಗದಲ್ಲಿದ್ದಾರೆ. ಹಿರಿಯೂರಿನವರಿಗೆ ಹೆದ್ದಾರಿಯ ದಯೆಯಿಂದ ಬೆಂಗಳೂರಿನ ಕಡೆಯ ತಂಡಗಳೊಂದಿಗೆ ಆಡುವುದು ಸುಲಭ.

ಪಿಚ್ ಕೂಡ ಹಾಗೆಯೇ ಕೂಡಿ ಮಾಡಬಹುದಾದದ್ದು. ಟರ್ಫ್ ಪಿಚ್‌ಗೆ ಬೇಕಾದದ್ದು ಅಂಟುಳ್ಳ ಎರೆಮಣ್ಣು. ದುರ್ಗದ ಸುತ್ತಿನ ಕೆಂಪು ಮರಳುಮಣ್ಣು ಅದಕ್ಕೆ ಆಗದು. ಹಿರಿಯೂರಿನ ಕಡೆ ಎರೆಭೂಮಿ ಬೇಕಾದಷ್ಟಿದೆ. ಕೆರೆ ಹೂಳೆತ್ತುವಾಗ ಟ್ರ್ಯಾಕ್ಟರ್‌ಗಟ್ಟಲೆ ಮಣ್ಣು ಹೊಲಗಳಿಗೆ ಹೋಗುತ್ತದೆ, ಅದರಲ್ಲಿ ಕೆಲವು ಲೋಡ್ ಪಿಚ್‌ಗೆ ಬಂದರೆ ಸಾಕು. ಟರ್ಫ್ ಆಗುವ ತನಕ ಮ್ಯಾಟ್ ಬೇಕೇ ಬೇಕು. ನಾರಿಗೆ ಹೊಸದುರ್ಗದ ತೆಂಗಿದೆ. ನೀರಿನ ಮಾತು ಮೊದಲು ಎತ್ತುವಂತೆಯೇ ಇರಲಿಲ್ಲ. ಕುಡಿಯಲು ನೀರಿಲ್ಲದ ಊರಿನಲ್ಲಿ ಪಿಚ್‌ಗೆ ನೀರು ಹಾಕಿ ಎಂದು ಕೇಳಲು ಬಾಯಿ ಬರುತ್ತಿರಲಿಲ್ಲ. ಈಗ 89 ವರ್ಷಗಳ ನಂತರ 2022ರಲ್ಲಿ ಕೋಡಿ ಬಿದ್ದ ವಾಣಿವಿಲಾಸ ಸಾಗರ 2025ರ ಜನವರಿಯಲ್ಲಿ ಮತ್ತೆ ತುಂಬಿ ಹರಿದಿದೆ. ದಿನಕ್ಕೊಂದು ಟ್ಯಾಂಕರ್ ನೀರು ಕೇಳುವ ಧೈರ್ಯ ಮಾಡಬಹುದು.

ಹುಡುಗಿಯರ ವಿಷಯ ಕೊನೆಗೆ ಸೇರಿಸುವ ಸಾಲಲ್ಲ. ಹೊಸದುರ್ಗದ ಪಕ್ಕದ ಕಡೂರಿನಿಂದ ಬಂದ ವೇದಾ ಕೃಷ್ಣಮೂರ್ತಿ 2017ರಲ್ಲಿ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್ ಆಡಿದರು. ಅದೇ ವೇದಾವತಿ ಸೀಮೆಯ ನಮ್ಮ ಊರುಗಳಲ್ಲಿ ಹುಡುಗಿಯರಿಗೆಂದು ವಾರಕ್ಕೆ ಎರಡು ಸಂಜೆ ನೆಟ್ಸ್ ಬಿಟ್ಟುಕೊಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಓಬವ್ವನ ಹೆಸರಿನ ಕ್ರೀಡಾಂಗಣದಲ್ಲೇ ಅದು ಶುರುವಾಗಲಿ. ಅಲ್ಲಿ ಬೆಳಕಿದೆ, ಕಾವಲಿದೆ, ಬಸ್ ನಿಲ್ದಾಣದಿಂದ ನಡೆದು ಬರಬಹುದು ಎಂಬ ಭರವಸೆ ತಂದೆತಾಯಿಗೆ ಸಿಗಬೇಕು. ಉಳಿದದ್ದನ್ನು ಹುಡುಗಿಯರೇ ನೋಡಿಕೊಳ್ಳುತ್ತಾರೆ.

ಕಷ್ಟ ಬರುವುದು ಸೀಸನ್‌ನ ಮೊದಲ ಭಾಗದಲ್ಲಿ. ಈರುಳ್ಳಿ ಕಿತ್ತು ಮಾರುಕಟ್ಟೆಗೆ ಸಾಗಿಸುವ ಗಡಿಬಿಡಿ ಮುಗಿಯುವಷ್ಟರಲ್ಲಿ ಹೊಳಲ್ಕೆರೆ, ಭೀಮಸಮುದ್ರದ ಕಡೆ ಅಡಿಕೆ ಕೊಯ್ಲು ನಡೆದಿರುತ್ತದೆ. ಖೇಣಿ ಹಿಡಿದ ಮನೆಯ ಹುಡುಗ ಬೇಯಿಸುವ, ಒಣಗಿಸುವ ಕೆಲಸ ಬಿಟ್ಟು ಅಭ್ಯಾಸಕ್ಕೆ ಬಾ ಎಂದರೆ ಬರಲಾರ, ಬರಬೇಕೆಂದು ಒತ್ತಾಯಿಸುವುದೂ ತಪ್ಪು. ಅವನ ಜಾಗ ಡಿಸೆಂಬರ್ ತನಕ ಕಾದಿಟ್ಟು, ಆ ಪಂದ್ಯಗಳನ್ನು 19ರ ಒಳಗಿನ ಹುಡುಗರಿಗೆ ಕೊಡಬೇಕು. ಬೌಲಿಂಗ್ ಬಗ್ಗೆ ನನಗೆ ಚಿಂತೆಯಿಲ್ಲ. 180ರ ಒಳಗೆ ಎದುರಾಳಿಯನ್ನು ಕಟ್ಟಿಹಾಕುವ ಶಕ್ತಿ ಈ ನಾಲ್ಕು ಊರಿಗಿದೆ. ಬ್ಯಾಟಿಂಗ್‌ನಲ್ಲಿ ಮೂವತ್ತನೇ ಓವರಿಗೆ ಆರು ವಿಕೆಟ್ ಕೈಯಲ್ಲಿ ಉಳಿಸಿಕೊಳ್ಳುವುದನ್ನು ನವೆಂಬರ್‌ನಲ್ಲೇ ಕಲಿತರೆ ವಲಯದ ಲೀಗ್‌ನಲ್ಲಿ ಮೇಲಿನ ಅರ್ಧದಲ್ಲಿ ನಿಲ್ಲುತ್ತೇವೆ. ಕಲಿಯದಿದ್ದರೆ ಜನವರಿಯ ಹೊತ್ತಿಗೆ ದಾವಣಗೆರೆಯವರ ಮುಂದೆ 120ಕ್ಕೆ ಆಲೌಟ್ ಆಗುತ್ತೇವೆ, ಆಮೇಲೆ ಪರೀಕ್ಷೆಯ ತಿಂಗಳು.